ಹೆಂಗಸರ ಗೇಟಿನ ಮಾರಮ್ಮ

ಮಾರಮ್ಮನ ಹೆಸರೆತ್ತಿದರೆ ನಮ್ಮ ಕೊಣನೂರಿನವರು ಈಗಲೂ ಮೂಗು ಮುರಿಯುತ್ತಾರೆ. ಗಂಡುಬೀರಿ, ಬಾಯಿಬಡುಕಿ, ಕೊಬ್ಬಿದವಳು ಅನ್ನುತ್ತಾರೆ. ಅವಳು ಬಾಯಿ ಮಾಡುತ್ತಿದ್ದದ್ದು ನಿಜವೇ. ಆದರೆ ಹಾಗೆ ಅನ್ನುವವರ ಮಕ್ಕಳಲ್ಲಿ ಅರ್ಧ ಜನ ಅವಳ ತೋಳಿನ ಮೇಲೆ ನಿದ್ದೆ ಮಾಡಿದವರು. ಅದನ್ನು ಮಾತ್ರ ಒಬ್ಬರೂ ಹೇಳುವುದಿಲ್ಲ, ಬಾಯಲ್ಲಿ ಕಡುಬು ತುರುಕಿಕೊಂಡವರ ಹಾಗೆ ಕೂರುತ್ತಾರೆ. ನಾನು ಹೇಳುತ್ತೇನೆ. ನನಗಿನ್ನು ಯಾರ ಹಂಗೂ ಇಲ್ಲ.

ಸಂತೆ ಮೈದಾನದ ಪಕ್ಕ ಷಡಕ್ಷರಿ ಅನ್ನುವವನ ಟೆಂಟ್ ಸಿನಿಮಾ ಇತ್ತು. ಟೆಂಟ್ ಅವನದು, ಅದು ನಿಂತ ಜಾಗ ನಮ್ಮ ಮಾವನವರದು. ಹಾಗಾಗಿ ಹೊಗೆಸೊಪ್ಪಿನ ಮಂಡಿಯವರ ಮನೆಯ ಹೆಂಗಸರು ಅಂದರೆ ಅವನು ಬೆಂಚು ಒರೆಸಿ ಕೂರಿಸುತ್ತಿದ್ದ. ಒಳಗೆ ಗಂಡಸರಿಗೂ ಹೆಂಗಸರಿಗೂ ನಡುವೆ ಎದೆಯೆತ್ತರದ ಮಣ್ಣುಗೋಡೆ. ಹೆಂಗಸರಿಗೆ ಬೇರೆ ಗೇಟು. ಆ ಗೇಟಿನಲ್ಲಿ ಮಾರಮ್ಮ ನಿಲ್ಲುತ್ತಿದ್ದಳು. ಊರಾಚೆಯ ಕೇರಿಯವಳು, ಗಂಡ ಸತ್ತವಳು, ಕೈಯಲ್ಲೊಂದು ಹುಣಸೆ ಬರಲು. ಬೀಡಿ ಕಚ್ಚಿಕೊಂಡು ಹೆಂಗಸರ ಗೇಟಿನ ಹತ್ತಿರ ಸುಳಿದ ಪುಂಡರು ಆ ಬರಲಿನ ರುಚಿ ಕಂಡಿದ್ದರು.

ಗೇಟು ಕಾಯುವುದು ಅವಳ ಅರ್ಧ ಕೆಲಸ. ಇನ್ನರ್ಧ ಕೂಸುಗಳನ್ನು ಎತ್ತುವುದು. ಆಟದ ನಡುವೆ ಕೂಸು ಅತ್ತರೆ ಗೋಡೆಯಾಚೆಯಿಂದ ಶಿಳ್ಳೆ, ಬೈಗುಳ. ಅದಕ್ಕೇ ಮಾರಮ್ಮ ಟೆಂಟಿನ ಹೊರಗೆ ಬಿಗಿದ ಹಗ್ಗಗಳಿಗೆ ಹಳೇ ಸೀರೆ ಕಟ್ಟಿ ಜೋಲಿ ಮಾಡಿದ್ದಳು. ಕತ್ತಲಲ್ಲಿ ಅವಳು ಕೈ ಚಾಚಿದರೆ ಎಂಥ ಮಡಿವಂತರೂ ಕೂಸನ್ನು ಕೊಟ್ಟುಬಿಡುತ್ತಿದ್ದರು. ಕತ್ತಲಿಗೆ ಜಾತಿ ಇಲ್ಲ ನೋಡಿ. ದೀಪ ಹತ್ತಿತೋ, ಅವಳು ಕೂಸನ್ನು ಮರಳ ಮೇಲೆ ಮಲಗಿಸಿ ಹಿಂದೆ ಸರಿಯಬೇಕು, ಆಮೇಲೆ ಇವರು ಬಗ್ಗಿ ಎತ್ತಿಕೊಳ್ಳುತ್ತಾರೆ. ನನ್ನ ಅತ್ತೆ ದಾಕ್ಷಾಯಣಮ್ಮನವರಂತೂ ಮನೆಗೆ ಬಂದವರೇ ಮಗುವಿನ ಮೇಲೆ ನೀರು ಚಿಮುಕಿಸಿ, ಹಣೆಗೆ ವಿಭೂತಿ ಬಳಿದು, ಆಮೇಲೇ ಹೊಸಿಲು ದಾಟಿಸುತ್ತಿದ್ದರು.

ಆ ಮಗು ನನ್ನದು. ನನ್ನದು ಅಂದರೆ ಹೆತ್ತದ್ದು ನಾನು, ಅಷ್ಟೇ. ಹಾಲೂಡಿಸಿದ ಕೂಡಲೇ ಅತ್ತೆ ಕಿತ್ತುಕೊಳ್ಳುತ್ತಿದ್ದರು. "ವಂಶದ ಕುಡಿ ಕಣೇ, ನನ್ನ ತೊಡೆ ಮೇಲೇ ಇರ್ಬೇಕು" ಅನ್ನುವುದು ಅವರ ಮಂತ್ರ. ಹಾಸನದಿಂದ ಬಂದ ಸೊಸೆಗೆ ಮಗು ಸಾಕಲು ಬರುವುದಿಲ್ಲವಂತೆ. ಅದೇ ಕುಡಿ ಟೆಂಟಿನಲ್ಲಿ ಒಂದು ಸಲ ಕುಂಯ್ ಅಂದರೆ ಸಾಕು, ಅವರ ತೊಡೆಗೆ ಭಾರವಾಗಿ ಮಾರಮ್ಮನ ಕೈ ಸೇರುತ್ತಿತ್ತು.

ಅರವತ್ತಾರನೇ ಇಸವಿ. ಹಿಂದಿನ ವರ್ಷವಷ್ಟೇ ಯುದ್ಧ ಮುಗಿದಿತ್ತು. ದೇಶ, ಸೈನ್ಯ ಅಂದರೆ ಜನಕ್ಕೆ ಮೈಯೆಲ್ಲ ಬಿಸಿ. ಷಡಕ್ಷರಿ ಒಂದು ಹಿಂದಿ ಪಿಕ್ಚರ್ ತಂದ. ಪೋಸ್ಟರಿನಲ್ಲಿ ಯುದ್ಧವಿಮಾನದ ಮುಂದೆ ಪ್ಯಾಂಟು ತೊಟ್ಟ ಹುಡುಗಿ. ಮಾತು ಯಾರಿಗೂ ತಿಳಿಯದಿದ್ದರೂ ಕತೆ ತಿಳಿಯುತ್ತಿತ್ತು. ಅವಳ ಅಣ್ಣ ಯುದ್ಧದಲ್ಲಿ ಸಾಯುತ್ತಾನೆ. ಮನೆಯವರೆಲ್ಲ ಬೇಡವೆಂದರೂ ಇವಳು ವಿಮಾನ ನಡೆಸಲು ಕಲಿಯುತ್ತಾಳೆ. ಕೊನೆಗೆ ಒಬ್ಬಳೇ ಆಕಾಶಕ್ಕೆ ಏರಿ ವೈರಿಗಳ ವಿಮಾನಗಳ ನಡುವೆ ನುಗ್ಗುತ್ತಾಳೆ. ಆ ಆರ್ಭಟಕ್ಕೆ ಟೆಂಟಿನ ಕೂಸುಗಳೆಲ್ಲ ಒಟ್ಟಿಗೆ ಕಿಟಾರನೆ ಕಿರುಚುತ್ತಿದ್ದವು. ಮಾರಮ್ಮ ಎರಡು ತೋಳಿಗೂ ಕೂಸು ಹೊತ್ತು ಹೊರಗೆ ಓಡುತ್ತಿದ್ದಳು. ಹೀಗಾಗಿ ಹುಡುಗಿ ಮೇಲೇರುವುದನ್ನು ಅವಳು ದಿನವೂ ನೋಡುತ್ತಿದ್ದಳು, ಇಳಿಯುವುದನ್ನು ಒಂದು ದಿನವೂ ಇಲ್ಲ.

ಕೂಸು ಒಪ್ಪಿಸುವಾಗ ಕೇಳುತ್ತಿದ್ದಳು. "ಅವ್ವಾ, ಆ ಎಣ್ಣು ಇಳುದ್ಲಾ?"

ಅಷ್ಟು ಹೇಳಿದರೆ ಇವರ ಗಂಟೇನು ಹೋಗುತ್ತಿತ್ತು? ಒಬ್ಬಳು ಸುಟ್ಟು ಬೂದಿಯಾದಳು ಅಂದಳು. ಮಾರನೆಯ ದಿನ ಇನ್ನೊಬ್ಬಳು, ಸೇನಾಪತಿಯನ್ನು ಮದುವೆಯಾಗಿ ಅಡುಗೆಮನೆ ಸೇರಿದಳು ಅಂದಳು. ಅಂದು ತಮ್ಮತಮ್ಮಲ್ಲೇ ಕಿಸಿಕಿಸಿ ನಕ್ಕರು. ನಾವು ಹೋದ ದಿನ ಅತ್ತೆ ಸುಳ್ಳು ಹೇಳುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. "ನಿಂಗ್ಯಾಕೇ ವಿಮಾನದ ಉಸಾಬರಿ? ಸುಮ್ನೆ ಗೇಟ್ ತೆಗಿ" ಅಂದರು. ನಾನು ಹೇಳಲು ಬಾಯಿ ತೆರೆದರೆ ಮೊಣಕೈಯಿಂದ ತಿವಿದರು.

ಕೊನೆಯ ದಿನ ಬಂತು. ಮರುದಿನ ಪಿಕ್ಚರಿನ ಪೆಟ್ಟಿಗೆ ಅರಕಲಗೂಡಿಗೆ ಹೋಗುತ್ತದೆ. ನಾವು ಎರಡನೇ ಸಲ ನೋಡಲು ಹೋದೆವು. ಅತ್ತೆ ಮುಂದೆ ಹೋದ ಮೇಲೆ ಮಾರಮ್ಮ ಗೇಟಿನಲ್ಲಿ ನನ್ನನ್ನು ತಡೆದಳು. "ಇವತ್ತು ನಾ ಕೂಸ ಎತ್ಕಳಕಿಲ್ಲ ಕಣವ್ವ. ಅವ್ಳು ಮ್ಯಾಲಕ್ಕೋಗಾದ್ನ ದಿನಾ ನೋಡಿವ್ನಿ. ಇಳ್ಯಾದ್ನ ಒಂದ್ಸಲ ನೋಡ್ಬೇಡ್ವಾ?"

"ಅತ್ತೆ ಷಡಕ್ಷರಿಗೆ ಹೇಳಿ ನಿನ್ನ ಕೆಲಸ ಬಿಡಿಸ್ತಾರೆ, ಮಾರಮ್ಮ."

"ಬುಡುಸ್ಲಿ" ಅಂದಳು.

ವಿಮಾನ ಮೇಲೇರಿತು. ಗುಂಡಿನ ಸದ್ದು ಶುರುವಾಯಿತು, ಕೂಸುಗಳೂ ಶುರುವಾದವು. ಅತ್ತೆ ರೂಢಿಯಂತೆ ಮಗುವನ್ನು ಕತ್ತಲಿಗೆ ಚಾಚಿದರು. ತೆಗೆದುಕೊಳ್ಳಲು ಯಾವ ಕೈಯೂ ಬರಲಿಲ್ಲ. ನೋಡಿದರೆ ಮಾರಮ್ಮ ಮುಂದೆ ಮರಳಿನ ಮೇಲೆ, ಹೆಂಗಸರ ನಟ್ಟನಡುವೆ, ಬರಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ.

"ಏ ಮಾರೀ, ಎದ್ದೇಳೇ. ಮಗು ಅಳ್ತಿರೋದು ಕೇಳ್ಸಲ್ವಾ?"

"ನಿಮ್ಮ ಮಗೀನ ನೀವೇ ಎತ್ಕಂಡೋಗಿ. ನಾನು ಪಿಚ್ಚರ್ ನೋಡ್ತಾವ್ನಿ."

ಆಗ ಎದ್ದ ಗಲಾಟೆ ಹೇಳತೀರದು. ದೇಶಕ್ಕಾಗಿ ಪ್ರಾಣ ಪಣಕ್ಕಿಟ್ಟ ಹುಡುಗಿಗೆ ಕಣ್ಣೀರು ಸುರಿಸುತ್ತಿದ್ದವರೇ ಮಾರಮ್ಮನ ಬೆನ್ನಿಗೆ ಮರಳು ಎರಚಿದರು. ಅವಳ ಜಾತಿ ಎತ್ತಿ ಆಡಿದರು, ಸತ್ತ ಗಂಡನನ್ನೂ ಬಿಡಲಿಲ್ಲ. ಗೋಡೆಯಾಚೆಯಿಂದ ಗಂಡಸರು ಬಾಯಿಗೆ ಬಂದದ್ದು ಕೂಗಿದರು. ಅವಳು ತಿರುಗಿಯೂ ನೋಡಲಿಲ್ಲ.

ಅತ್ತೆ ನನ್ನತ್ತ ತಿರುಗಿದರು. "ನೀನೇನ್ ನೋಡ್ತೀಯೇ? ಇವನ್ನ ಆಚೆಗೆ ಕರ್ಕೊಂಡೋಗು."

ಎಲ್ಲಿಂದ ಬಂತೋ ಧೈರ್ಯ. "ವಂಶದ ಕುಡಿ ಅಲ್ವೇ ಅತ್ತೆ, ನಿಮ್ಮ ತೊಡೆ ಮೇಲೇ ಇರ್ಲಿ" ಅಂದೆ. ಅಂದು ತೆರೆಯ ಕಡೆ ತಿರುಗಿದೆ. ಆ ಮನೆಗೆ ಬಂದ ಮೇಲೆ ನಾನು ಹೊಟ್ಟೆ ತುಂಬ ಆಡಿದ ಮೊದಲ ಮಾತು ಅದು.

ಗಂಡಸರ ಬೈಗುಳ ಮಂಡಿಯವರ ಹೆಂಡತಿ ಅಂತ ನೋಡುತ್ತದೆಯೇ? ಅತ್ತೆ ಕಿರುಚುವ ಮಗುವನ್ನು ಹೊತ್ತು ಹೊರಗೆ ಹೋದರು. ಮಿಕ್ಕ ತಾಯಂದಿರೂ ಗೊಣಗುತ್ತ ಎದ್ದರು. ತೆರೆಯ ಮೇಲೆ ವಿಮಾನದ ರೆಕ್ಕೆ ಹೊತ್ತಿಕೊಂಡಿತ್ತು. ಅದು ಓಲಾಡುತ್ತ ಬಂದು ಯಾವುದೋ ಹೊಲದಲ್ಲಿ ಇಳಿಯಿತು. ಬಹಳ ಹೊತ್ತು ಏನೂ ಇಲ್ಲ, ಬರೀ ಹೊಗೆ. ಆಮೇಲೆ ಹುಡುಗಿ ಬಾಗಿಲು ತಳ್ಳಿ, ಕುಂಟುತ್ತ, ತನ್ನ ಕಾಲ ಮೇಲೆ ತಾನೇ ಇಳಿದು ಬಂದಳು. "ಇಳುದ್ಲು" ಅಂದಳು ಮಾರಮ್ಮ, ತನಗೆ ತಾನೇ. ಅವಳ ಕೆನ್ನೆ ಒದ್ದೆಯಾಗಿತ್ತು. ನನ್ನದೂ ಆಗಿತ್ತು.

ಮರುದಿನವೇ ಅವಳನ್ನು ಗೇಟಿನಿಂದ ತೆಗೆದರು. ಮಾವ ಹೇಳಿ ಕಳಿಸಿದರು, ಷಡಕ್ಷರಿ ತಲೆಯಾಡಿಸಿದ. ಆಮೇಲೆ ಜೋಲಿ ಕಟ್ಟುವವರು ಯಾರೂ ಬರಲಿಲ್ಲ, ಎಳೆಗೂಸಿನ ತಾಯಂದಿರು ಟೆಂಟಿನ ದಾರಿ ಮರೆತರು. ತಾವು ಮಾಡಿದ್ದನ್ನು ತಾವೇ ಉಂಡರು.

ಅತ್ತೆಗೆ ಮಾತ್ರ ಒಂದು ಮುಳ್ಳು ಉಳಿಯಿತು. ಮೊದಲನೇ ಸಲ ಹೋದಾಗ ಕೊನೆಯ ಭಾಗದ ಹೊತ್ತಿಗೆ ಅವರು ಬೆಂಚಿನ ಮೇಲೆ ತೂಕಡಿಸಿದ್ದರು. ಈ ಸಲ ಹೊರಗಿದ್ದರು. ನನ್ನನ್ನು ಕೇಳಿದರು. ನನಗೂ ನಿದ್ದೆ ಬಂದಿತ್ತು ಅತ್ತೆ ಅಂದೆ. ನೆರೆಯವರನ್ನು ಕೇಳಲು ಬಿಗುಮಾನ.

ಹೊಗೆಸೊಪ್ಪು ಕಟ್ಟುವ ಕಾಲ ಬಂತು. ಮನೆ ಮುಂದಿನ ಮಂಡಿಯಲ್ಲಿ ಆಳು ಸಾಲದೆ ಮೇಸ್ತ್ರಿ ಸಿಕ್ಕಿದವರನ್ನೆಲ್ಲ ಕರೆತಂದ, ಅದರಲ್ಲಿ ಮಾರಮ್ಮನೂ ಬಂದಳು. ಅತ್ತೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು, ನಾನೂ ಅಲ್ಲೇ ಇದ್ದೆ. ಹೋದರು, ಮತ್ತೆ ಬಂದರು. ಕೊನೆಗೆ ತಡೆಯಲಾರದೆ, ಗೋಡೆಗೆ ಹೇಳುವವರಂತೆ, "ಆ ಹುಡುಗಿ ಕೊನೆಗೇನಾದ್ಲೇ?" ಅಂದರು.

ಮಾರಮ್ಮ ಎಲೆಯಿಂದ ಕಣ್ಣು ತೆಗೆಯಲಿಲ್ಲ. ಕಟ್ಟು ಬಿಗಿದು ಪಕ್ಕಕ್ಕಿಟ್ಟು, "ನಿಮ್ಗ್ಯಾಕವ್ವ ವಿಮಾನದ ಉಸಾಬರಿ?" ಅಂದಳು.

ಅತ್ತೆ ನನ್ನ ಮುಖ ನೋಡಿದರು. ನಾನು ಮಗುವನ್ನು ಅವರ ಸೊಂಟದಿಂದ ನನ್ನ ಸೊಂಟಕ್ಕೆ ತೆಗೆದುಕೊಂಡು ಒಳಗೆ ಹೋದೆ.