ಮೇಲಿನ ಗೂಡಿನ ಒಂದು ಜೊತೆ ಚಪ್ಪಲಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಂಜಿನಲ್ಲಿ ಕಡಲು ಕಾಣದು, ಸದ್ದು ಮಾತ್ರ ಕೇಳುತ್ತದೆ. ಪೊರಕೆ ಹಿಡಿದು ಬಂದ, ಎಲ್ಲರೂ ಚಪ್ಪಲಿ ಅಕ್ಕ ಎಂದು ಕರೆಯುವ ಹೆಂಗಸು, ಚಪ್ಪಲಿ ಕಾಯುವ ತಮ್ಮ ಶೆಡ್ಡಿನ ಮುಂದಿನ ಸಿಮೆಂಟು ನೆಲ ಗುಡಿಸುವ ಮೊದಲು ಬಗ್ಗಿ ನೋಡುತ್ತಾರೆ. ಬರಿಗಾಲಿನ ಒದ್ದೆ ಹೆಜ್ಜೆಗಳು. ಕಡಲ ಕಡೆಯಿಂದ ಬಂದು ಚಪ್ಪಲಿ ಗೂಡುಗಳ ಮುಂದೆ ನಿಂತಿವೆ. ಹಿಂದಿರುಗಿದ ಗುರುತಿಲ್ಲ.

"ಇವತ್ತೂ ಬಂದಿದ್ದಾನೆ" ಎನ್ನುತ್ತಾರೆ, ಹಾಲಿನವನು ಬಂದುಹೋದನೆಂಬಂತೆ.

ರಜೆಗೆ ಬಂದವರು ಎದುರಿನ ನಡುಗಡ್ಡೆಯ ಹಳೇ ದೀಪಸ್ತಂಭ ನೋಡಲು ಇಲ್ಲಿಂದ ನಡೆದೇ ಹೋಗುತ್ತಾರೆ. ನೀರಿಳಿದಾಗ ಮರಳಿನ ದಾರಿಯೊಂದು ಏಳುತ್ತದೆ, ನೀರೇರಿದಾಗ ಮುಳುಗುತ್ತದೆ. ಆ ದಾರಿಯ ಫೋಟೋ ಊರೂರಲ್ಲಿ ತೂಗುತ್ತದೆ. ಅಕ್ಕ ಯಾವ ಫೋಟೋದಲ್ಲೂ ಇಲ್ಲ. ಹೊರಟವರೆಲ್ಲ ಚಪ್ಪಲಿ ಇಲ್ಲೇ ಬಿಡಬೇಕು. ಮರಳಲ್ಲಿ ಹೂತುಹೋಗುತ್ತದೆ ಎನ್ನುವುದು ಹೊರಗೆ ಹೇಳುವ ಕಾರಣ. ನಿಜವಾದದ್ದು ಬೇರೆ. ನೀರು ಮತ್ತೆ ಏರತೊಡಗುವ ಹೊತ್ತಿಗೆ ಗೂಡಿನಲ್ಲಿ ಚಪ್ಪಲಿ ಉಳಿದಿದ್ದರೆ ಆಚೆ ಜನ ಉಳಿದಿದ್ದಾರೆ ಎಂದರ್ಥ. ಅಕ್ಕ ಸೀಟಿ ಊದುತ್ತಾರೆ, ಮೈದುನ ದೋಣಿ ತೆಗೆಯುತ್ತಾನೆ.

"ತಲೆ ಎಣಿಸಿದ್ರೆ ತಪ್ಪುತ್ತೆ. ಜನ ಒಂದ್ಕಡೆ ನಿಲ್ತಾರಾ? ಚಪ್ಪಲಿ ಇಟ್ಟಲ್ಲೇ ಇರುತ್ತೆ." ರಜೆಯ ದಿನ ಮುನ್ನೂರು ಜೊತೆ ದಾಟಿದರೂ ಯಾವುದು ಯಾರದ್ದೆಂದು ಅವರಿಗೆ ಗೊತ್ತು.

ಈ ಪದ್ಧತಿ ಮಾಡಿದ್ದು ಅವರ ಗಂಡ. ಕೊನೇ ಜೊತೆ ಹೋಗುವವರೆಗೆ ಶೆಡ್ಡಿಗೆ ಬಾಗಿಲು ಹಾಕಬಾರದು ಎಂದಿದ್ದೂ ಅವರೇ. ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ ಗೂಡುಗಳೆಲ್ಲ ಖಾಲಿಯಾದವು. ಗಂಡ ಬೀಗ ಕೈಗೆ ತೆಗೆದುಕೊಳ್ಳುವಾಗ ನೀರಿನ ಕಡೆಯಿಂದ ಕೂಗು. ಯಾರೋ ಒಬ್ಬ ಚಪ್ಪಲಿ ಬಿಡದೆ, ಕೈಯಲ್ಲೇ ಹಿಡಿದು ಹೋಗಿದ್ದ.

"ಆ ಅವಸರದಲ್ಲೂ ನೋಡಿ, ನಮ್ಮೆಜಮಾನ್ರು ತಮ್ಮ ಚಪ್ಪಲೀನ ಮೇಲಿನ ಗೂಡಲ್ಲಿಟ್ಟು ನೀರಿನ ಕಡೆ ಓಡಿದ್ರು. ಮನೇಲಿ ಟವೆಲ್ಲನ್ನ ಒಂದಿನಾನೂ ಜಾಗಕ್ಕಿಟ್ಟೋರಲ್ಲ."

ಇಬ್ಬರೂ ಬರಲಿಲ್ಲ. ಹೆಣಗಳೂ ಸಿಗಲಿಲ್ಲ. ಆಮೇಲೆ ಶುರುವಾದದ್ದು ಈ ಹೆಜ್ಜೆಗಳು.

"ನಾಯಿ ಇರ್ಬೇಕಮ್ಮ ಅಂತಾಳೆ ಮಗಳು. ನಾಯಿಗೆ ಇಂಥ ಪಾದ ಇರುತ್ತಾ?" ಅಕ್ಕ ನಗುತ್ತಾರೆ. ಮೊದಲ ದಿನ ನಗಲಿಲ್ಲ. ಮೊಣಕಾಲೂರಿ ಒಂದೊಂದೇ ಬೆರಳಿನ ಗುರುತು ನೋಡಿ ಅತ್ತರು. ಗಂಡನ ಬಲಗಾಲಿಗೆ ಕಿರುಬೆರಳಿರಲಿಲ್ಲ. ಈ ಪಾದಗಳಿಗೆ ಹತ್ತೂ ಬೆರಳಿವೆ.

"ಚಪ್ಪಲಿ ಕೈಲಿ ಹಿಡ್ಕೊಂಡು ಹೋದ ಆ ಇನ್ನೊಬ್ಬಂದೇ ಇದು. ಚಪ್ಪಲಿ ಬಿಡೋಕೆ ಬರ್ತಾನೇನೋ. ಕೆಟ್ಟ ಮೇಲೆ ಬುದ್ಧಿ ಬಂತು. ಪಾಪ, ಅವನ ಮೇಲೆ ಸಿಟ್ಟಿಲ್ಲ. ಅವನಿಗೆ ದಾರಿ ಸಿಕ್ತು, ಇವರಿಗೆ ಯಾಕೆ ಸಿಗಲಿಲ್ಲ ಅನ್ನೋದೊಂದೇ ಸಂಕಟ."

ಬರುವ ವರ್ಷ ನಡುಗಡ್ಡೆಗೆ ಸೇತುವೆಯಾಗುತ್ತದೆ. ಶೆಡ್ಡು ಕೆಡವಲು ಈಗಾಗಲೇ ಬಣ್ಣದಲ್ಲಿ ಗುರುತು ಹಾಕಿ ಹೋಗಿದ್ದಾರೆ. ಸೇತುವೆ ಬೇಡವೆಂದು ಅಕ್ಕ ಹೇಳುವುದಿಲ್ಲ. ಜನ ಮುಳುಗುವುದು ತಪ್ಪುತ್ತದಲ್ಲ ಎನ್ನುತ್ತಾರೆ. ಇಂಜಿನಿಯರ್ ಸಾಹೇಬರನ್ನು ಅವರು ಕೇಳಿಕೊಂಡಿರುವುದು ಒಂದೇ, ಗೂಡುಗಳಿರುವ ಈ ಗೋಡೆಯೊಂದನ್ನು ಬಿಡಿ ಎಂದು. ಉತ್ತರ ಬಂದಿಲ್ಲ.

ಮಂಜು ಕರಗುತ್ತಿದೆ. ರಸ್ತೆಯ ತುದಿಯಲ್ಲಿ ಮೊದಲ ಪ್ರವಾಸಿಗರ ಮಾತು ಕೇಳಿಸುತ್ತದೆ. ಅಕ್ಕ ಮೇಲಿನ ಗೂಡಿನಿಂದ ಸವೆದ ಚಪ್ಪಲಿ ತೆಗೆದು, ಸೆರಗಿನಲ್ಲಿ ಧೂಳು ಒರೆಸಿ, ಮತ್ತೆ ಅಲ್ಲೇ ಇಡುತ್ತಾರೆ. ಶೆಡ್ಡಿನ ಬೀಗ ಮೊಳೆಯಲ್ಲಿ ತೂಗುತ್ತಿದೆ, ತುಕ್ಕು ಹಿಡಿದಿದೆ.

"ಹನ್ನೊಂದು ವರ್ಷದಿಂದ ಒಂದು ರಾತ್ರಿನೂ ಬಾಗಿಲು ಹಾಕಿಲ್ಲ ನಾನು," ಎನ್ನುತ್ತಾರೆ. "ಒಂದು ಜೊತೆ ಇನ್ನೂ ಇದೆಯಲ್ಲ."