ಕುರಿಗಳಿಗೆಂದು ಬಿಟ್ಟ ನೀರು

ನಮ್ಮ ಸಂಘಕ್ಕೆ ಊರಿನವರು ಇಟ್ಟ ಹೆಸರು ಹಲ್ಲಿನ ಸಂಘ. ನಾವೇ ಇಟ್ಟುಕೊಂಡಿದ್ದ ಹೆಸರು ಬೇರೆ. ಅದರಲ್ಲಿ ಪರಿಸರ, ಆರೋಗ್ಯ, ಜಾಗೃತಿ ಎಲ್ಲವೂ ಇದ್ದವು, ರಬ್ಬರ್ ಸ್ಟಾಂಪೂ ಮಾಡಿಸಿದ್ದೆವು. ಆದರೆ ಮೊದಲ ವರ್ಷ ಮನೆಮನೆಗೆ ಹೋಗಿ ಮಕ್ಕಳ ಬಾಯಿ ತೆರೆಸಿ ಹಲ್ಲು ನೋಡಿದ್ದರಿಂದ ಹಲ್ಲಿನ ಸಂಘವೆಂಬುದೇ ಗಟ್ಟಿಯಾಯಿತು. ಪಟ್ಟಿಯಲ್ಲಿ ಹನ್ನೊಂದು ಹೆಸರುಗಳಿದ್ದವು. ಕೆಲಸಕ್ಕೆ ಬರುತ್ತಿದ್ದವರು ಮೂವರೇ: ಹಾಲಿನ ಡೈರಿಯ ಕಾರ್ಯದರ್ಶಿಯಾಗಿದ್ದ ಹೆಂಗಸು, ಬಸ್ ಸ್ಟಾಪಿನ ಪಕ್ಕದ ಮೋಟಾರು ರಿಪೇರಿ ಅಂಗಡಿಯವನು, ಮತ್ತು ನಾನು. ಸಭೆ ಸೇರುತ್ತಿದ್ದದ್ದು ಡೈರಿಯ ಜಗುಲಿಯಲ್ಲಿ, ಬೆಳಗಿನ ಹಾಲು ಅಳೆದಾದ ಮೇಲೆ. ಮಾತೆಲ್ಲ ನನ್ನದೇ. ಉಳಿದ ಇಬ್ಬರು ತಲೆಯಾಡಿಸುತ್ತಿದ್ದರು.

ಮಧುಗಿರಿ ಕಡೆಯ ಪುರವರದ ಸುತ್ತಮುತ್ತಲಿನ ಎಷ್ಟೋ ಊರುಗಳ ಹಾಗೆ ನಮ್ಮ ಊರಿನ ಬೋರ್‌ವೆಲ್ ನೀರಿನಲ್ಲೂ ಫ್ಲೋರೈಡ್ ಇದೆ. ನಾವು ಚಿಕ್ಕವರಿದ್ದಾಗ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಈ ಕಡೆಯವರ ಹಲ್ಲು ಕಂದು, ವಯಸ್ಸಾದವರಿಗೆ ಸೊಂಟ ಹಿಡಿಯುತ್ತದೆ ಎಂಬುದಷ್ಟೇ ಗೊತ್ತಿತ್ತು. ನನ್ನ ಹಲ್ಲಿನ ಮೇಲೂ ಕಂದು ಗೆರೆಗಳಿವೆ. ಕೊರಟಗೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ಅಷ್ಟೂ ವರ್ಷ ನಾನು ಬಾಯಿ ತುಂಬ ನಕ್ಕಿದ್ದು ಕಡಿಮೆ. ಮಕ್ಕಳು ನನ್ನನ್ನು ಸಿಡುಕಿ ಅಂದುಕೊಂಡರು. ಸಿಡುಕು ಇದ್ದದ್ದೂ ನಿಜ ಅನ್ನಿ. ನಿವೃತ್ತಿಯಾಗಿ ಊರಿಗೆ ಮರಳಿದವಳು ಸುಮ್ಮನೆ ಕೂರಲಾಗದೆ ಈ ಸಂಘ ಕಟ್ಟಿದೆ.

ನಮ್ಮ ಕೆಲಸದ ರೀತಿ ಸರಳವಾಗಿತ್ತು. ಒಂದು ಪುಟ್ಟ ಪೆಟ್ಟಿಗೆಯಲ್ಲಿ ಗಾಜಿನ ಕೊಳವೆಗಳೂ ಗುಲಾಬಿ ಬಣ್ಣದ ಔಷಧಿಯೂ ಇದ್ದವು. ನೀರಿಗೆ ನಾಲ್ಕು ಹನಿ ಬಿಟ್ಟು ಕುಲುಕಬೇಕು. ಗುಲಾಬಿಯಾಗೇ ಉಳಿದರೆ ಕುಡಿಯಬಹುದು, ಹಳದಿಗೆ ತಿರುಗಿದರೆ ಕೂಡದು. ಜನರ ಮೈ ನೋಡಲು ಮೂರು ಪರೀಕ್ಷೆ: ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಬೇಕು, ಗದ್ದವನ್ನು ಎದೆಗೆ ತಾಕಿಸಬೇಕು, ಎರಡೂ ಕೈ ಎತ್ತಿ ತಲೆಯ ಹಿಂದೆ ಬೆರಳು ಹೆಣೆಯಬೇಕು. ಫ್ಲೋರೈಡ್ ಮೂಳೆಗೆ ಇಳಿದಿದ್ದರೆ ಈ ಮೂರರಲ್ಲಿ ಒಂದಾದರೂ ಕೈಕೊಡುತ್ತದೆ. ಎಲ್ಲವನ್ನೂ ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆಯುತ್ತಿದ್ದೆ.

ಮೊದಲ ಪರೀಕ್ಷೆಯ ದಿನ ಎಲ್ಲರನ್ನೂ ನಗಿಸಿದವಳು ನನ್ನ ಗೆಳತಿ. ನಾಲ್ಕನೇ ಕ್ಲಾಸಿನವರೆಗೆ ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕೂತವರು. ಆಮೇಲೆ ಅವಳನ್ನು ಶಾಲೆ ಬಿಡಿಸಿ ಕುರಿ ಹಿಂದೆ ಕಳಿಸಿದರು, ನನ್ನನ್ನು ಹಾಸ್ಟೆಲಿಗೆ ಕಳಿಸಿದರು. ಅವಳು ಅಂದಿನಿಂದ ಇಂದಿನವರೆಗೂ ಕುರಿ ಮೇಯಿಸಿದವಳೇ. ಆ ದಿನ ಅವಳು ಬಗ್ಗಿ ಬೆರಳಲ್ಲ, ಅಂಗೈಯನ್ನೇ ನೆಲಕ್ಕೆ ಊರಿ, ಹಾಗೇ ತಲೆ ಎತ್ತಿ ನನ್ನನ್ನು ನೋಡಿ ಕಣ್ಣು ಮಿಟುಕಿಸಿದಳು. ನಿನ್ನ ಕೈಲಾಗುತ್ತದಾ ಎಂದು ಕೇಳಿದಳು. ನಾನು ಪುಸ್ತಕದಲ್ಲಿ ತಲೆ ಹುದುಗಿಸಿ ಬರೆಯುವ ನಾಟಕವಾಡಿದೆ.

ನಮ್ಮ ಪೆಟ್ಟಿಗೆಯನ್ನು ಕಂಡರೆ ಅವಳಿಗೆ ತಮಾಷೆ. ನೀರು ನೋಡುವುದಕ್ಕೆ ಅವಳದೇ ಕ್ರಮವಿತ್ತು. ಕಾಡುಮೇಡು ಅಲೆಯುವಾಗ ಗೊತ್ತಿಲ್ಲದ ಹೊಂಡ ಸಿಕ್ಕರೆ ಮೊದಲು ಕುರಿ ಕುಡಿಯಬೇಕು. ಹಿರಿಯ ಕುರಿ ಮೂಸಿ ಮೂತಿ ತಿರುಗಿಸಿದರೆ ಅವಳೂ ಮುಟ್ಟುವುದಿಲ್ಲ. ಕುರಿ ಬಾಯಿಟ್ಟರೆ ಅದರ ಪಕ್ಕದಲ್ಲೇ ಕೂತು ಬೊಗಸೆಯಲ್ಲಿ ಎತ್ತಿ ಕುಡಿಯುತ್ತಾಳೆ. ಅವಳಪ್ಪ ಕಲಿಸಿದ್ದು ಅದು, ಅವಳ ಮನೆಯವರೆಲ್ಲ ಹಾಗೇ ಬದುಕಿದವರು. ಕುರಿಗೆ ಕೆಮಿಸ್ಟ್ರಿ ಬರುತ್ತದೇನೇ ಎಂದು ನಾನು ರೇಗಿಸಿದರೆ, "ನಿನ್ ಬಾಟ್ಲಿ ಮರಿ ಹಾಕ್ತದಾ? ನನ್ ಕುರಿ ಮರೀನೂ ಹಾಕ್ತವೆ, ನೀರೂ ನೋಡ್ತವೆ" ಎನ್ನುತ್ತಿದ್ದಳು.

ಅರ್ಜಿ ಹಿಡಿದು ಮಧುಗಿರಿಗೆ ಅಲೆದು ಅಲೆದು ಕೊನೆಗೆ ನಮ್ಮ ಊರಿಗೆ ಶುದ್ಧ ನೀರಿನ ಘಟಕ ಬಂತು. ಜನ ಅದನ್ನು ಫಿಲ್ಟರ್ ಎಂದು ಕರೆದರು. ಮನೆಗಳಿಗೆ ಕ್ಯಾನುಗಳು ಬಂದವು, ಸಂಘದ ಮಾತಿಗೆ ಸ್ವಲ್ಪ ಬೆಲೆಯೂ ಬಂತು. ಆದರೆ ಫಿಲ್ಟರಿನೊಳಗೆ ಹೋದ ನೀರು ಎರಡು ಪಾಲಾಗುತ್ತದೆ. ಒಂದು ಪಾಲು ಶುದ್ಧವಾಗಿ ಮುಂದಿನ ನಲ್ಲಿಗೆ ಬರುತ್ತದೆ. ಅದರಿಂದ ತೆಗೆದ ಉಪ್ಪು, ಫ್ಲೋರೈಡ್ ಎಲ್ಲವನ್ನೂ ಹೊತ್ತ ಇನ್ನೊಂದು ಪಾಲು ಹಿಂದಿನ ಪೈಪಿನಿಂದ ಹೊರಕ್ಕೆ ಹೋಗುತ್ತದೆ. ಆ ನೀರು ರಸ್ತೆಗೆ ಹರಿದು ಕೆಸರಾಗಿ, ಸೊಳ್ಳೆ ಎದ್ದು, ಅದೇ ವರ್ಷ ಊರಿನಲ್ಲಿ ಜ್ವರ ಬಂತು. ಬೈಗುಳ ನಮಗೆ ಬಂತು.

ತೊಟ್ಟಿ ಕಟ್ಟಿಸುವ ಯೋಚನೆ ನನ್ನದು. ಬೇರೆ ಯಾರದೂ ಅಲ್ಲ. ಫಿಲ್ಟರಿನ ಹಿಂದೆ ಒಂದು ಉದ್ದನೆಯ ಕಲ್ಲಿನ ತೊಟ್ಟಿ, ಪೈಪಿನ ನೀರು ಅದಕ್ಕೆ ಬೀಳಬೇಕು, ಕುರಿಗಳು ಕುಡಿಯಬೇಕು. ನೀರು ನಿಲ್ಲುವುದಿಲ್ಲ, ವ್ಯರ್ಥವಾಗುವುದೂ ಇಲ್ಲ. ಈ ಬರಡು ಸೀಮೆಯಲ್ಲಿ ನೀರು ಚೆಲ್ಲುವುದನ್ನು ಕಂಡರೆ ನಮ್ಮವರಿಗೆ ಕರುಳು ಚುರುಕ್ ಎನ್ನುತ್ತದೆ. ಹಾಗಾಗಿ ಎಲ್ಲರೂ ಒಪ್ಪಿದರು. ಮೋಟಾರು ಅಂಗಡಿಯವನು ಮಾತ್ರ ಕುರಿಗಳಿಗೆ ಏನೂ ಆಗುವುದಿಲ್ಲವೇ ಎಂದು ಕೇಳಿದ. ಮೂಳೆಗೆ ಇಳಿಯಲು ವರ್ಷಗಟ್ಟಲೆ ಬೇಕು, ನಮ್ಮ ಕುರಿಗಳು ಅಷ್ಟು ವರ್ಷ ಎಲ್ಲಿ ಉಳಿಯುತ್ತವೆ, ಅಷ್ಟರೊಳಗೆ ಶಿರಾ ಸಂತೆ ಸೇರಿರುತ್ತವೆ ಎಂದು ನಾನು ಹೇಳಿದೆ. ನನ್ನ ಉತ್ತರವನ್ನು ನಾನೇ ಮೆಚ್ಚಿಕೊಂಡೆ.

ಊರಿಗೆ ಊರೇ ಅದನ್ನು ಟೀಚರಮ್ಮನ ತೊಟ್ಟಿ ಎಂದಿತು. ಮಧುಗಿರಿಯಲ್ಲಿ ನಡೆದ ಒಂದು ಸಭೆಯಲ್ಲಿ ನನ್ನನ್ನು ವೇದಿಕೆಗೆ ಕರೆದು ತೊಟ್ಟಿಯ ಬಗ್ಗೆ ಮಾತಾಡಿಸಿದರು. ಕಳ್ಳಂಬೆಳ್ಳದ ಕಡೆಯಿಂದ ಬಂದವರು, ಪಾವಗಡದ ಕಡೆಯಿಂದ ಬಂದವರು ಅಳತೆ ಬರೆದುಕೊಂಡು ಹೋದರು. ಕೆಲವು ಊರುಗಳಲ್ಲಿ ಅಂಥದೇ ತೊಟ್ಟಿಗಳು ಎದ್ದವು ಎಂದು ಕೇಳಿ ಹಿಗ್ಗಿದೆ.

ಉಪ್ಪುಪ್ಪಾದ ನೀರು ಕುರಿಗೆ ರುಚಿ. ಗೆಳತಿಯ ಕುರಿಗಳು ಬೆಳಿಗ್ಗೆ ಹೋಗುವಾಗ, ಮಧ್ಯಾಹ್ನ, ಸಂಜೆ ಮರಳುವಾಗ ತೊಟ್ಟಿಗೆ ಮುಗಿಬೀಳುತ್ತಿದ್ದವು. ಒಂದು ಬೇಸಿಗೆಯ ಮಧ್ಯಾಹ್ನ ನಾನು ಅಲ್ಲಿಗೆ ಹೋದಾಗ ಅವಳು ಕುರಿಗಳ ಸಾಲಿನ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಬೊಗಸೆಯಿಂದ ಕುಡಿಯುತ್ತಿದ್ದಳು. ನಾನು ಬೈದೆ. ಏನೆಂದು ಬೈದೆ? ಕುರಿ ಎಂಜಲು ಕುಡಿಯುತ್ತೀಯಲ್ಲೇ, ಕೈ ತೊಳೆದಿದ್ದೀಯಾ ಎಂದು. ಆ ತಿಂಗಳು ಸಂಘದವರು ವಾಂತಿಭೇದಿಯ ವಿಷಯ ಹಿಡಿದಿದ್ದೆವು, ನನ್ನ ತಲೆಯಲ್ಲಿ ಸೋಪು ಬಿಟ್ಟರೆ ಬೇರೇನೂ ಇರಲಿಲ್ಲ. ಮುಂದಿನ ನಲ್ಲಿಗೆ ಹೋಗಬಾರದಾ ಎಂದೆ. ಆ ನೀರು ಸಪ್ಪೆ, ಮನೆಯಲ್ಲಿ ಸೊಸೆ ಕೊಡುತ್ತಾಳೆ, ಕುಡಿಯುತ್ತೇನೆ, ಇಲ್ಲಿ ಕುರಿ ಬಿಟ್ಟು ಎಲ್ಲಿ ಹೋಗಲಿ ಎಂದಳು. ನಾನು ಮನೆಗೆ ಬಂದು ಊಟ ಮಾಡಿ ಮಲಗಿದೆ. ವಿಜ್ಞಾನ ಹೇಳಿಕೊಟ್ಟ ಹೆಂಗಸು ನಾನು.

ಹೀಗೇ ವರ್ಷಗಳು ಹೋದವು. ಪ್ರತಿ ತಿಂಗಳೂ ಮುಂದಿನ ನಲ್ಲಿಯ ನೀರನ್ನು ಪರೀಕ್ಷೆ ಮಾಡಿ ಗುಲಾಬಿ ಎಂದು ಬರೆದೆ. ತೊಟ್ಟಿಯ ನೀರನ್ನು ಒಮ್ಮೆಯೂ ಪರೀಕ್ಷಿಸಲಿಲ್ಲ. ಅದು ಕುರಿಗಳದು.

ಕಳೆದ ವರ್ಷ ಮತ್ತೆ ಎಲ್ಲರ ಮೈ ನೋಡುವುದೆಂದು ತೀರ್ಮಾನವಾಯಿತು. ಡೈರಿಯ ಜಗುಲಿಯಲ್ಲಿ ಸಾಲು ನಿಂತಿತ್ತು. ಗೆಳತಿ ಬಂದಳು. ಯಾರೋ ಹಿಂದಿನಿಂದ ಕರೆದಾಗ ಅವಳು ಕತ್ತು ತಿರುಗಿಸದೆ ಇಡೀ ಮೈಯನ್ನೇ ತಿರುಗಿಸಿದಳು. ಅದನ್ನು ನೋಡಿದ ಕೂಡಲೇ ಅವಳನ್ನು ಸಾಲಿನಿಂದ ಮುಂದಕ್ಕೆ ಕರೆದೆ. ಬಗ್ಗು ಎಂದೆ. ಅವಳ ಕೈ ಮಂಡಿಯ ಹತ್ತಿರ ನಿಂತಿತು. ಗದ್ದ ಎದೆಗೆ ತಾಗಲಿಲ್ಲ. ಕೈ ಎತ್ತಲು ಹೋಗಿ ತುಟಿ ಕಚ್ಚಿದಳು. ವಯಸ್ಸಾಯಿತಲ್ಲ ಎಂದು ಅವಳೇ ನಕ್ಕಳು. ಡೈರಿಯವಳು ನನ್ನ ಮುಖ ನೋಡಿದಳು. ಮನೆಯಲ್ಲಿ ಫಿಲ್ಟರ್ ನೀರೇ ಕುಡಿಯುವವಳಿಗೆ ಇದು ಹೇಗೆ ಎಂದು ಅವಳು ಕೇಳುವ ಮೊದಲೇ ನನಗೆ ತೊಟ್ಟಿಯ ಬಳಿಯ ಅವಳ ಬೊಗಸೆ ನೆನಪಾಗಿತ್ತು.

ಸಾಲು ಮುಗಿದ ಮೇಲೆ ನಾವು ಮೂವರೂ ಪೆಟ್ಟಿಗೆ ಹಿಡಿದು ಫಿಲ್ಟರಿನ ಹಿಂದಕ್ಕೆ ಹೋದೆವು. ಕೊಳವೆಗೆ ತೊಟ್ಟಿಯ ನೀರು ತುಂಬಿ ಔಷಧಿ ಬಿಟ್ಟೆ. ಕುಲುಕುವ ಮೊದಲೇ ಹಳದಿಯಾಯಿತು. ಊರಿನ ಯಾವ ಬೋರ್‌ವೆಲ್ ನೀರೂ ಅಷ್ಟು ಹಳದಿಯಾದದ್ದನ್ನು ನಾನು ಕಂಡಿರಲಿಲ್ಲ. ಮೋಟಾರು ಅಂಗಡಿಯವನು ನನ್ನ ಕೈಯಿಂದ ಕೊಳವೆ ತೆಗೆದುಕೊಂಡು ನೆಲಕ್ಕೆ ಚೆಲ್ಲಿದ.

ಮರುದಿನದ ಸಭೆಯಲ್ಲಿ ಇಬ್ಬರೂ ಒಂದೇ ಮಾತು ಹೇಳಿದರು. ನಿಜ ಹೇಳಿದರೆ ಜನ ತೊಟ್ಟಿ, ಫಿಲ್ಟರ್ ಎಂದು ಬೇರೆ ಮಾಡಿ ನೋಡುವುದಿಲ್ಲ, ಫಿಲ್ಟರ್ ನೀರೇ ವಿಷ ಎಂದು ಹಳೆಯ ಬೋರ್‌ವೆಲ್ಲಿಗೆ ಮರಳುತ್ತಾರೆ, ಮಕ್ಕಳ ಗತಿ ಏನು ಎಂದರು. ಸೊಳ್ಳೆಯ ನೆಪ ಹೇಳಿ ತೊಟ್ಟಿ ಒಡೆಸೋಣ ಎಂದರು. ಜನರ ಬಗ್ಗೆ ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮಾತೆತ್ತಿದರೆ ಜಗಳಕ್ಕೆ ಬೀಳುವ ನಾನು ಅಂದು ತಲೆಯಾಡಿಸಿದೆ. ಹೆದರಿಕೆಯಾಗಿತ್ತು. ನನ್ನ ಹೆಸರಿನ ತೊಟ್ಟಿ ಅದು.

ತೊಟ್ಟಿ ಒಡೆದ ದಿನ ಮಧ್ಯಾಹ್ನ ಗೆಳತಿಯ ಕುರಿಗಳು ಬಂದು ಒಡೆದ ಕಲ್ಲಿನ ಸುತ್ತ ಕೂಗುತ್ತ ನಿಂತವು. ಅವಳು ನೇರ ನನ್ನ ಮನೆಗೆ ಬಂದು, ಮೂಕ ಪ್ರಾಣಿಗಳ ಬಾಯಿಗೆ ಮಣ್ಣು ಹಾಕಿದವರು ಯಾರು, ನಿನಗೂ ಗೊತ್ತಿತ್ತಾ ಎಂದು ಕೇಳಿದಳು. ಸೊಳ್ಳೆ ಎಂದು ಬಾಯಿ ತೆರೆದೆ. ಅವಳು ಹೊಸ್ತಿಲ ಮೇಲೆ ಕೂರಲು ಗೋಡೆ ಹಿಡಿದು, ಒಂದೊಂದೇ ಅಂಗುಲ ಇಳಿಯುತ್ತಿದ್ದಳು. ಅದನ್ನು ನೋಡಿಕೊಂಡು ಸುಳ್ಳು ಹೇಳಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಹೇಳುತ್ತ ಅತ್ತೆ. ಅವಳು ಅಳಲಿಲ್ಲ.

ಸೊಂಟದ ಮೇಲೆ ಕೈಯಿಟ್ಟು, "ನೆಟ್ಟಗಾಯ್ತದಾ?" ಎಂದಳು.

ಇಲ್ಲ, ಇನ್ನೂ ಹೆಚ್ಚಾಗದ ಹಾಗೆ ನೋಡಿಕೊಳ್ಳಬಹುದು, ಅಷ್ಟೇ ಎಂದೆ.

"ಊರ್ನಾಗೆ ಯಾರ್ಗೂ ಹೇಳ್ಬ್ಯಾಡ ಬುಡು. ನಿನ್ನ ಬಯ್ತಾರೆ."

ಅವಳು ಒಂದು ಬಾರಿಸಿದ್ದರೆ ನನಗೆ ಹಗುರವಾಗುತ್ತಿತ್ತು. ಬೇರೆ ಊರುಗಳಲ್ಲೂ ನನ್ನ ಮಾತು ಕೇಳಿ ತೊಟ್ಟಿ ಕಟ್ಟಿದ್ದಾರೆ ಎಂದು ಹೇಳಿದೆ. ಅಲ್ಲಿ ಕುರಿಯವರು ಇದ್ದಾರಾ ಎಂದಳು. ಇದ್ದಾರೆ ಎಂದೆ. ಹಾಗಾದರೆ ನಾನೂ ಬರುತ್ತೇನೆ, ನಿನ್ನ ಒಬ್ಬಳ ಮಾತು ಅವರು ಕೇಳುವುದಿಲ್ಲ ಎಂದಳು.

ಮೊದಲು ಹೋದದ್ದು ಪಾವಗಡದ ಕಡೆಯ ಊರಿಗೆ. ಬಸ್ಸಿನ ಮೆಟ್ಟಿಲು ಹತ್ತಿಸಲು ಕಂಡಕ್ಟರ್ ಒಂದು ಕಡೆ, ನಾನು ಒಂದು ಕಡೆ ಹಿಡಿಯಬೇಕಾಯಿತು. ದಾರಿಯುದ್ದಕ್ಕೂ ಅವಳು ಕಿಟಕಿಯಾಚೆ ಯಾರ ಕುರಿಮಂದೆ ಕಂಡರೂ ಮರಿಗಳು ಬಡಕಲಾಗಿವೆ, ಮೇವಿಲ್ಲ ಎಂದು ಹೇಳುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ.

ಆ ಊರಿನ ತೊಟ್ಟಿ ನಮ್ಮದಕ್ಕಿಂತ ಚೆನ್ನಾಗಿತ್ತು. ಸಿಮೆಂಟ್ ಬಳಿದು, ಸುಣ್ಣ ಹೊಡೆದು, ಮೇಲೆ ನೆರಳಿಗೆ ಚಪ್ಪರ ಹಾಕಿದ್ದರು. ಏಳೆಂಟು ಜನ ಕುರಿಯವರು ಚಪ್ಪರದ ಕೆಳಗೆ ಬುತ್ತಿ ಬಿಚ್ಚಿದ್ದರು. ಊಟವಾದ ಮೇಲೆ ಒಬ್ಬೊಬ್ಬರೇ ತೊಟ್ಟಿಗೆ ಬಾಗಿ ಕುಡಿದರು. ನಾನು ಪೆಟ್ಟಿಗೆ ತೆಗೆದು ಬಣ್ಣ ತೋರಿಸಿದೆ, ಪಾಠ ಮಾಡಿದ ಹಾಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಮರ್ಯಾದೆಯಿಂದ ಕೇಳಿದರು. ಅವರಲ್ಲಿ ಹಿರಿಯನೊಬ್ಬ ಕುರಿಗಳ ಕಡೆ ಕೈ ತೋರಿಸಿ, ಆ ಕಡೆಯ ತೆಲುಗು ಬೆರೆತ ಮಾತಿನಲ್ಲಿ, "ಗೊರ್ರೆಲು ತಾಗ್ತಾಯಿ ಕದಮ್ಮಾ, ನಮಗೇನಾಯ್ತದೆ?" ಎಂದ. ಕುರಿಗಳೇ ಕುಡಿಯುತ್ತಿವೆಯಲ್ಲ ಎಂದು ಉಳಿದವರೂ ದನಿಗೂಡಿಸಿದರು.

ಆಗ ಗೆಳತಿ ಎದ್ದು ನಿಂತಳು. ನಾನೂ ಇದನ್ನೇ ಹೇಳುತ್ತಿದ್ದೆ ಎಂದು ಅವರಿಗೆ ಹೇಳಿ, ಬಗ್ಗಲು ನೋಡಿದಳು. ಕೈ ಮಂಡಿಯನ್ನೂ ದಾಟಲಿಲ್ಲ. ಹಿರಿಯ ಕನಿಕರದಿಂದ, ವಯಸ್ಸಾದ ಮೇಲೆ ಎಲ್ಲರಿಗೂ ಹೀಗೇ ಕಣಮ್ಮ ಎಂದ.

ಅವಳು ಇಡೀ ಮೈ ತಿರುಗಿಸಿ ನನ್ನ ಕಡೆ ನೋಡಿದಳು.

"ಇವ್ಳು ನನ್ ಜೊತೇಲಿ ಒಂದೇ ಕ್ಲಾಸ್ನಾಗೆ ಕೂತೋಳು. ನನ್ಗಿಂತ ಒಂದ್ ತಿಂಗ್ಳು ಚಿಕ್ಕೋಳು, ಅಷ್ಟೇಯ. ಇವ್ಳು ಕುರಿ ಕಾಯ್ಲಿಲ್ಲ, ಈ ನೀರು ಕುಡೀಲಿಲ್ಲ. ಬಗ್ಗೇ, ತೋರ್ಸು ಅವ್ರಿಗೆ."

ನಾನು ಅಲ್ಲಾಡಲಿಲ್ಲ. ಬಗ್ಗು ಎಂದು ಅವಳು ಮತ್ತೊಮ್ಮೆ ಹೇಳಿದಳು, ಈ ಸಲ ಮೆಲ್ಲಗೆ. ಊಟದ ಗಂಟು ಕಟ್ಟುತ್ತಿದ್ದ ಕೈಗಳು ನಿಂತಿದ್ದವು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಸೆರಗು ಸಿಕ್ಕಿಸಿ ಬಗ್ಗಿದೆ. ಬೆರಳುಗಳು ಯಾವ ನೋವೂ ಇಲ್ಲದೆ ಕಾಲಿಗೆ ತಾಕಿದವು. ನನ್ನ ಪಕ್ಕದಲ್ಲಿ ಅವಳ ಹವಾಯಿ ಚಪ್ಪಲಿ, ಧೂಳು ಹಿಡಿದ ಹಿಮ್ಮಡಿ ಕಾಣುತ್ತಿದ್ದವು. ಮೇಲಿನಿಂದ ಅವಳು ಅವರಿಗೆ, ನೋಡಿದಿರಾ, ನಾನೂ ಹೀಗೇ ಇದ್ದೆ ಎನ್ನುತ್ತಿದ್ದಳು. ನನಗೆ ತಲೆ ಎತ್ತಲು ಆಗಲಿಲ್ಲ.