ಕೆಂಪು ಗುಂಡಿ ಒರೆಸುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಬಂದು ಬೀಳುವ ದೊಡ್ಡ ಲಾಂಡ್ರಿಯ ಬಾಗಿಲಲ್ಲಿ ಒಬ್ಬ ಹೆಂಗಸು ಒದ್ದೆ ಬಟ್ಟೆ ಹಿಂಡುತ್ತ ನಿಂತಿದ್ದಾರೆ. ವಯಸ್ಸು ಐವತ್ತು ದಾಟಿದೆ, ಮಂಡಿ ಹೇಳಿದ ಮಾತು ಕೇಳುವುದಿಲ್ಲ. ನೆಲ, ಮೆಟ್ಟಿಲು, ಕೈತೊಳೆಯುವ ತೊಟ್ಟಿ ಎಲ್ಲ ಮುಗಿಸಿ, ಕೊನೆಗೆ ಗೋಡೆಯ ಮೇಲಿನ ಪುಟ್ಟ ಯಂತ್ರದ ಹತ್ತಿರ ಬರುತ್ತಾರೆ. ಇಲ್ಲಿ ಎಲ್ಲರ ಬಾಯಲ್ಲೂ ಅವರು ‘ಒರೆಸೋ ಅಕ್ಕ’.

ಯಂತ್ರದ ಮೇಲೆ ಒಂದು ಪ್ರಶ್ನೆ: ‘ಇವತ್ತಿನ ಕೆಲಸ ನಿಮಗೆ ಖುಷಿ ಕೊಟ್ಟಿತೇ?’ ಕೆಳಗೆ ಎರಡು ಗುಂಡಿ. ಹಸಿರು ನಗುತ್ತದೆ, ಕೆಂಪು ಅಳುತ್ತದೆ. ಪಾಳಿ ಮುಗಿಸಿದವರೆಲ್ಲ ಒಂದನ್ನು ಒತ್ತಿಯೇ ಮನೆಗೆ ಹೋಗಬೇಕು. ಪಕ್ಕದಲ್ಲೇ ಸೂಪರ್‌ವೈಸರ್ ಕೈಕಟ್ಟಿ ನಿಂತಿರುತ್ತಾನೆ. ಇನ್ನು ಯಾರು ಅಳುವ ಮುಖ ಮುಟ್ಟುತ್ತಾರೆ, ನೀವೇ ಹೇಳಿ! ಹಸಿರಿನ ನಗು ಒತ್ತಿಸಿಕೊಂಡು ಒತ್ತಿಸಿಕೊಂಡು ಅರ್ಧ ಅಳಿಸಿಹೋಗಿದೆ. ಕೆಂಪಿನ ಮೇಲೆ ಬರೀ ಧೂಳು.

“ಧೂಳು ಕಂಡ್ರೆ ನಂಗಾಗಲ್ಲ ನೋಡಿ. ಅದನ್ನೇ ಜಾಸ್ತಿ ಉಜ್ತಿದ್ದೆ. ಉಜ್ಜಿದಾಗೆಲ್ಲ ಟಿಂಕ್ ಟಿಂಕ್ ಅನ್ನೋದು. ಚೆನ್ನಾಗಿ ಒರೆಸಿದ್ದೀಯ ಅಂತಿದೆ ಅಂದ್ಕೊಂಡಿದ್ನಪ್ಪ!” ಎಂದು ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ.

ಗಂಡ ತೀರಿಕೊಂಡ ವರ್ಷ ಅವರು ಈ ಕೆಲಸಕ್ಕೆ ಬಂದರು. ಮನೆಯಲ್ಲಿ ಈಗ ಇರುವುದು ಅಕ್ಕ ಮತ್ತು ಗಂಡನ ತಂಗಿ, ಇಬ್ಬರೇ. ನಾದಿನಿಯನ್ನು ಇಲ್ಲಿನ ಇಸ್ತ್ರಿ ಕೋಣೆಗೆ ಸೇರಿಸಿದ್ದೂ ಅಕ್ಕನೇ. ಕೋಣೆಗೆ ಕಿಟಕಿಯಿಲ್ಲ. ಬಿಸಿ ಉರುಳೆಗಳ ನಡುವಿನಿಂದ ಬರುವ ಹಾಸುಬಟ್ಟೆಗಳನ್ನು ಹಿಡಿದು ಮಡಚಬೇಕು, ದಿನಕ್ಕೆ ಎಂಟುನೂರು. ಆವಿ, ಬ್ಲೀಚಿನ ಘಾಟು. ಅವಳಿಗೆ ಕೆಮ್ಮು ಹತ್ತಿ ವರ್ಷವಾಯಿತು, ಮಲಗಿದರೆ ಉಸಿರು ಕಟ್ಟುತ್ತದೆ, ಕೂತೇ ನಿದ್ದೆ ಮಾಡುತ್ತಾಳೆ. “ಗಾಳಿ ಹೊರಗೆಳೆಯೋ ಫ್ಯಾನ್ ಒಂದು ಹಾಕ್ಸಿ ಸಾರ್” ಎಂದು ಒಮ್ಮೆ ಕೇಳಿದ್ದಳು. ಕೇಳಿದ್ದೇ ತಪ್ಪಾಯಿತು. ಅಂದಿನಿಂದ ಅವಳಿಗೆ ‘ತಕರಾರು ರಾಣಿ’ ಎಂಬ ಬಿರುದು.

ಕಳೆದ ತಿಂಗಳು ಮೇಲಿನ ಕಚೇರಿಯವರು ಯಂತ್ರದ ಲೆಕ್ಕ ನೋಡಿ ದಂಗಾದರು. ಕೆಂಪೋ ಕೆಂಪು! ಒತ್ತಿದ್ದು ಎಷ್ಟು ಸಲ ಎನ್ನುವ ಯಂತ್ರ, ಯಾರು ಎಂದು ಹೇಳುವುದಿಲ್ಲ. ಕೇಳಿಬಂದಿದ್ದ ದೂರು ಫ್ಯಾನಿನದೊಂದೇ ಎಂದು, ಮರುವಾರವೇ ಇಬ್ಬರು ಬಂದು ಇಸ್ತ್ರಿ ಕೋಣೆಯ ಗೋಡೆಯಲ್ಲಿ ಫ್ಯಾನಿನ ಜಾಗಕ್ಕೆ ಸೀಮೆಸುಣ್ಣದಿಂದ ಚೌಕ ಎಳೆದು ಹೋದರು. ಒಳಗಿನವರೆಲ್ಲ ಹಿಗ್ಗಿದರು. ಆದರೆ ಎಲ್ಲರನ್ನೂ ಎತ್ತಿಕಟ್ಟಿ ಕೆಂಪು ಒತ್ತಿಸುತ್ತಿರುವವರು ಯಾರು ಎಂಬ ಹುಡುಕಾಟವೂ ಶುರುವಾಯಿತು. ಬೇರೆ ಯಾರಿರುತ್ತಾರೆ? ತಕರಾರು ರಾಣಿಯನ್ನು ಕರೆಸಿ, ನಾಳೆಯಿಂದ ಬರಬೇಡ ಎಂದರು.

“ನಿಮ್ಮಾಣೆ ಅತ್ತಿಗೆ, ನಾನು ಆ ಗುಂಡಿ ಮುಟ್ಟೇ ಇಲ್ಲ” ಎಂದು ಅವಳು ಮನೆಗೆ ಬಂದು ಬಿಕ್ಕಿದಳು. ಮುಟ್ಟಿದ್ದು ಯಾರು ಎಂಬುದು ಅಕ್ಕನಿಗೆ ಆಗ ಹೊಳೆಯಿತು.

ಬೆಳಗ್ಗೆಯೇ ಮ್ಯಾನೇಜರನ್ನು ಬಾಗಿಲಿಗೆ ಕರೆತಂದು ಯಂತ್ರ ಒರೆಸಿ ತೋರಿಸಿದರು. ಟಿಂಕ್, ಟಿಂಕ್, ಟಿಂಕ್. ಆತ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಂದ್ರೆ ಇಲ್ಲಿ ಯಾರಿಗೂ ಬೇಜಾರೇ ಇಲ್ಲ ಅನ್ನಮ್ಮ!” ನಾದಿನಿಯ ಕೆಲಸ ಉಳಿಯಿತು. ಫ್ಯಾನು ರದ್ದಾಯಿತು. ಇನ್ನು ಮುಂದೆ ಲೆಕ್ಕದಲ್ಲಿ ಕೆಂಪು ಎಷ್ಟೇ ಬಂದರೂ ಅದು ಒರೆಸಿದ್ದು ಎಂದೇ ತಿಳಿಯಬೇಕಂತೆ. ಎಂಥ ಜಾಣತನ!

ಚೌಕ ಇನ್ನೂ ಗೋಡೆಯ ಮೇಲಿದೆ. ಪಾಳಿಗೆ ಬಂದ ನಾದಿನಿ ಒಳಗೆ ಕೆಮ್ಮುವುದು ಬಾಗಿಲವರೆಗೂ ಕೇಳಿಸುತ್ತದೆ. “ಸುಮ್ನಿದ್ದಿದ್ರೆ ಅವಳ ಅನ್ನ ಹೋಗ್ತಿತ್ತು. ಬಾಯಿ ಬಿಟ್ಟಿದ್ದಕ್ಕೆ ಎಲ್ಲರ ಗಾಳಿ ಹೋಯ್ತು. ನಾನೇನ್ ಮಾಡ್ಬೇಕಿತ್ತು, ಹೇಳಿ” ಎಂದು ಅಕ್ಕ ಕೇಳುತ್ತಾರೆ.

ಒರೆಸಿ ಮುಗಿಯಿತು. ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಒದ್ದೆ ಕೈ ಒಣಗಿಸಿಕೊಂಡು, ಅಕ್ಕ ಅಳುವ ಮುಖದ ಮೇಲೆ ಬೆರಳಿಟ್ಟು ಒತ್ತುತ್ತಾರೆ. ಟಿಂಕ್.

“ಒರೆಸಿದ್ದು ಅಂದ್ಕೊಳ್ತಾರೆ, ಅಂದ್ಕೊಳ್ಳಲಿ ಬಿಡಿ” ಎನ್ನುತ್ತಾರೆ. “ನಾನಂತೂ ಈಗ ದಿನಾ ಒತ್ತುತ್ತೀನಿ. ಬಟ್ಟೇಲಲ್ಲ, ಬೆರಳಲ್ಲಿ.”